ಆಯುಸ್ಸು ಹೇಳುವ ಪ್ರೋಟೀನ್? ವಯಸ್ಸಾದವರ ಮೆದುಳಿನ ಕ್ಯಾನ್ಸರ್ ಸುದ್ದಿಯನ್ನು ಓದುವುದು ಹೇಗೆ

ಕೆಲವು ತಿಂಗಳಿಗೊಮ್ಮೆ ಇಂಥದೊಂದು ಸುದ್ದಿ ಫೋನಿಗೆ ಬಂದು ಬೀಳುತ್ತದೆ: ಮೆದುಳಿನ ಕ್ಯಾನ್ಸರ್ ಇರುವ ವೃದ್ಧರು ಎಷ್ಟು ಕಾಲ ಬದುಕುತ್ತಾರೆ ಎಂದು ಮೊದಲೇ ಹೇಳುವ ಪ್ರೋಟೀನ್ ಪತ್ತೆ. ಓದಿದವರಿಗೆ ಹೊಳೆಯುವುದು ಸಾಮಾನ್ಯವಾಗಿ ಎರಡು ಅರ್ಥ. ಒಂದು, ರಕ್ತ ಕೊಟ್ಟರೆ ಸಾಕು, ಇನ್ನೆಷ್ಟು ತಿಂಗಳು ಅಂತ ಲ್ಯಾಬ್‌ನವರೇ ಬರೆದುಕೊಡುತ್ತಾರೆ. ಇನ್ನೊಂದು, ಆ ಪ್ರೋಟೀನನ್ನು ಹೇಗಾದರೂ ಇಳಿಸಿಬಿಟ್ಟರೆ ರೋಗಿ ಉಳಿದುಕೊಳ್ಳುತ್ತಾರೆ. ಎರಡೂ ತಪ್ಪು. ಹಾಗಂತ ಸುದ್ದಿ ಸುಳ್ಳು ಅಂತಲೂ ಅಲ್ಲ. ಸಂಶೋಧಕರು ಹೇಳಿದ್ದು ಒಂದು, ತಲೆಬರಹ ಹೇಳಿದ್ದು ಇನ್ನೊಂದು, ಮನೆಯವರು ಕೇಳಿಸಿಕೊಂಡಿದ್ದು ಮೂರನೆಯದು.

ಇಂಥ ಸುದ್ದಿ ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಗುರುತು, ಅಂದರೆ ರೋಗದ ಬಗ್ಗೆ ಸುಳಿವು ಕೊಡುವ ಪ್ರೋಟೀನೋ ಜೀನೋ, ಗೊತ್ತಾದರೆ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದಾ? ಈ ಪ್ರಶ್ನೆಯನ್ನು ಹಿಡಿದುಕೊಂಡು ನೋಡಿದರೆ ನೂರಾರು ಪ್ರೋಟೀನ್‌ಗಳ ಪಟ್ಟಿಯಲ್ಲಿ ನಿಲ್ಲುವುದು ಬೆರಳೆಣಿಕೆಯಷ್ಟೂ ಅಲ್ಲ.

ಯಾವ ಕಾಯಿಲೆಯ ಮಾತು

ಮೆದುಳಿನ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆಯಲ್ಲ. ಈ ಸುದ್ದಿಗಳು ಹೆಚ್ಚಾಗಿ ಹೇಳುವುದು ಗ್ಲಿಯೋಬ್ಲಾಸ್ಟೋಮಾ ಬಗ್ಗೆ. ದೊಡ್ಡವರಲ್ಲಿ ಮೆದುಳಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ ಕಾಣಿಸುವುದು, ಇದೇ ಜಾಸ್ತಿ ಉಗ್ರ. ಅಮೆರಿಕದ ಅಂಕಿಅಂಶದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಮೂರು ಮಂದಿಗೆ ಬರುತ್ತದೆ, ಪತ್ತೆಯಾಗುವಾಗ ಅರ್ಧದಷ್ಟು ಜನರ ವಯಸ್ಸು 65ರ ಆಚೀಚೆ ಅಥವಾ ಅದಕ್ಕೂ ಜಾಸ್ತಿ. ಅಂದರೆ ಇದು ಬಹುಮಟ್ಟಿಗೆ ವಯಸ್ಸಾದವರ ಕಾಯಿಲೆ.

ಇಷ್ಟಾದರೂ ಇವತ್ತು ಎಲ್ಲ ಕಡೆ ಮಾದರಿ ಚಿಕಿತ್ಸೆ ಅನ್ನಿಸಿಕೊಂಡಿರುವುದು ರೂಪುಗೊಂಡದ್ದು ವಯಸ್ಸಾದವರನ್ನು ಹೊರಗಿಟ್ಟು ಮಾಡಿದ ಟ್ರಯಲ್‌ನಲ್ಲಿ. ಯುರೋಪ್ ಮತ್ತು ಕೆನಡಾದ ವೈದ್ಯರು 573 ರೋಗಿಗಳ ಮೇಲೆ ನಡೆಸಿದ ಆ ಟ್ರಯಲ್‌ನ ಫಲಿತಾಂಶ ಬಂದದ್ದು 2005ರಲ್ಲಿ. ಆಪರೇಷನ್ ಆದಮೇಲೆ ಆರು ವಾರ ರೇಡಿಯೇಷನ್ ಮಾತ್ರ ಪಡೆದವರ ಮಧ್ಯಮ ಬದುಕು, ಅಂದರೆ ಅರ್ಧ ಜನ ದಾಟಿದ ಕಾಲ, 12.1 ತಿಂಗಳು. ರೇಡಿಯೇಷನ್ ಜೊತೆ ಟೆಮೊಜೋಲೊಮೈಡ್ ಅನ್ನುವ ಕಿಮೋ ಮಾತ್ರೆಯನ್ನೂ ಪಡೆದವರದ್ದು 14.6 ತಿಂಗಳು. ವ್ಯತ್ಯಾಸ ಎರಡೂವರೆ ತಿಂಗಳು ಅಂತ ಮೂಗು ಮುರಿಯಬೇಡಿ. ಎರಡು ವರ್ಷ ದಾಟಿದವರ ಪ್ರಮಾಣ ನೂರಕ್ಕೆ ಹತ್ತರಿಂದ ಇಪ್ಪತ್ತಾರಕ್ಕೆ ಏರಿತು, ಈ ಕಾಯಿಲೆಯಲ್ಲಿ ಅದು ದೊಡ್ಡ ಮಾತು. ಆದರೆ ಟ್ರಯಲ್‌ಗೆ ಸೇರಲು ವಯಸ್ಸಿನ ಮಿತಿ 70. ಅದಕ್ಕಿಂತ ದೊಡ್ಡವರಿಗೆ ಇದೇ ಲೆಕ್ಕ ಅನ್ವಯಿಸುತ್ತದಾ ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ.

ವಯಸ್ಸಾದವರ ಲೆಕ್ಕ ಬೇರೆ

ಗೊತ್ತಾಗುವುದಕ್ಕೆ ವರ್ಷಗಳೇ ಹಿಡಿದವು. 70 ದಾಟಿದವರಿಗೆ ರೇಡಿಯೇಷನ್ ಕೊಡುವುದರಲ್ಲಿ ಅರ್ಥ ಇದೆಯಾ, ಸುಮ್ನೆ ಕಷ್ಟ ಕೊಟ್ಟಂತಾ ಎಂಬ ಪ್ರಶ್ನೆಗೆ ಫ್ರಾನ್ಸಿನಲ್ಲಿ ಟ್ರಯಲ್ ಮಾಡಿ ಉತ್ತರ ಕಂಡುಕೊಂಡದ್ದು 2007ರಲ್ಲಿ. ಆರೈಕೆ ಮಾತ್ರ ಪಡೆದವರು ಸುಮಾರು 17 ವಾರ, ರೇಡಿಯೇಷನ್ ಪಡೆದವರು ಸುಮಾರು 29 ವಾರ. ರೇಡಿಯೇಷನ್‌ನಿಂದ ಬದುಕಿನ ಗುಣಮಟ್ಟವೇನೂ ಹೆಚ್ಚು ಕೆಡಲಿಲ್ಲ. ಅದಕ್ಕೂ ಮುಂಚೆ, 2004ರಲ್ಲಿ ಕೆನಡಾದವರು ತೋರಿಸಿದ್ದು ಇನ್ನೊಂದು ಸಂಗತಿ: 60 ದಾಟಿದವರಿಗೆ ಆರು ವಾರದ 30 ಸಿಟ್ಟಿಂಗ್ ಬದಲು ಮೂರು ವಾರದ 15 ಸಿಟ್ಟಿಂಗ್ ಕೊಟ್ಟರೂ ಬದುಕುವ ಕಾಲ ಹೆಚ್ಚುಕಡಿಮೆ ಅಷ್ಟೇ, 5.1 ತಿಂಗಳು ಮತ್ತು 5.6 ತಿಂಗಳು.

ಯುವಕರಿಗಿಂತ ಇಷ್ಟು ಕಡಿಮೆ ಯಾಕೆ? ಕಾರಣ ಒಂದೇ ಅಲ್ಲ. ವಯಸ್ಸಾದ ಮೇಲೆ ಬಿಪಿ, ಶುಗರ್, ಹೃದಯದ ತೊಂದರೆ ಎಲ್ಲ ಇರುವುದರಿಂದ ಗಡ್ಡೆಯನ್ನು ಪೂರ್ತಿ ತೆಗೆಯುವ ಧೈರ್ಯ ಸರ್ಜನ್‌ಗೆ ಬರುವುದಿಲ್ಲ, ಕೆಲವರಿಗೆ ಸೂಜಿ ಹಾಕಿ ಬಯಾಪ್ಸಿ ಮಾಡುವುದರಲ್ಲೇ ನಿಲ್ಲಿಸುತ್ತಾರೆ. ರೋಗವನ್ನು ಗುರುತಿಸುವುದೂ ತಡ, ಮರೆವು ಬಂದರೆ ವಯಸ್ಸಾಯ್ತು ಅಂತ, ಕಾಲು ಎಳೆದರೆ ಸ್ಟ್ರೋಕ್ ಇರಬೇಕು ಅಂತ ದಿನ ತಳ್ಳಿಬಿಡುತ್ತಾರೆ. ಗಡ್ಡೆಯ ಗುಣವೇ ಬೇರೆ ಅನ್ನುವುದೂ ಒಂದು ಕಾರಣ. ಐಡಿಎಚ್ ಅನ್ನುವ ಜೀನ್ ಕೆಟ್ಟಿರುವ ಗಡ್ಡೆಗಳು ನಿಧಾನಕ್ಕೆ ಬೆಳೆಯುತ್ತವೆ, ಅಂಥ ರೋಗಿಗಳು ವರ್ಷಗಟ್ಟಲೆ ಬದುಕುತ್ತಾರೆ. ಆದರೆ ಅದು ಕಾಣಿಸುವುದು ಹೆಚ್ಚಾಗಿ ಚಿಕ್ಕ ವಯಸ್ಸಿನವರಲ್ಲಿ. ಹಿಂದೆ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು, ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದ ನಂತರ ಐಡಿಎಚ್ ಕೆಟ್ಟಿರುವವುಗಳನ್ನು ಗ್ಲಿಯೋಬ್ಲಾಸ್ಟೋಮಾ ಅಂತ ಕರೆಯುವುದೇ ಇಲ್ಲ. ಹಾಗಾಗಿ ಹಳೆಯ ಅಧ್ಯಯನಗಳ ಸಂಖ್ಯೆಯನ್ನು ಇವತ್ತಿನ ರೋಗಿಗೆ ಹಾಗೆಯೇ ಅಂಟಿಸುವುದು ಕಷ್ಟ.

ಇನ್ನೊಂದು ಕಾರಣವನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ವಯಸ್ಸಾಗಿದೆ ಅನ್ನುವ ಒಂದೇ ಕಾರಣಕ್ಕೆ ಕಡಿಮೆ ಚಿಕಿತ್ಸೆ ಕೊಡುತ್ತಾರೆ, ಕಡಿಮೆ ಚಿಕಿತ್ಸೆಯಿಂದ ಬೇಗ ಸಾಯುತ್ತಾರೆ, ಬೇಗ ಸಾಯುತ್ತಾರಲ್ಲ ಅಂತ ಮುಂದಿನವರಿಗೂ ಕಡಿಮೆ ಚಿಕಿತ್ಸೆ ಕೊಡುತ್ತಾರೆ.

ನಿಜಕ್ಕೂ ಕೆಲಸಕ್ಕೆ ಬಂದ ಒಂದು ಗುರುತು

ಟೆಮೊಜೋಲೊಮೈಡ್ ಕೆಲಸ ಮಾಡುವ ರೀತಿ ಸರಳ. ಕ್ಯಾನ್ಸರ್ ಕೋಶದ ಡಿಎನ್‌ಎ ಮೇಲೆ ಅದು ಮೀಥೈಲ್ ಅನ್ನುವ ಸಣ್ಣ ರಾಸಾಯನಿಕ ಗುಂಪುಗಳನ್ನು ಅಂಟಿಸುತ್ತದೆ. ಡಿಎನ್‌ಎಯ ಕೆಲವು ಜಾಗಗಳಲ್ಲಿ ಹೀಗೆ ಅಂಟಿದರೆ ಕೋಶ ತನ್ನನ್ನು ನಕಲು ಮಾಡಿಕೊಳ್ಳುವಾಗ ತಪ್ಪು ಮೇಲೆ ತಪ್ಪಾಗಿ ಕೊನೆಗೆ ಸಾಯುತ್ತದೆ. ಆದರೆ ನಮ್ಮ ಕೋಶಗಳಲ್ಲಿ ಈ ಅಂಟನ್ನು ಕಿತ್ತು ರಿಪೇರಿ ಮಾಡುವ ಪ್ರೋಟೀನ್ ಒಂದಿದೆ, ಹೆಸರು ಎಂಜಿಎಂಟಿ. ಅದಕ್ಕೊಂದು ವಿಚಿತ್ರ ಗುಣ: ಬೆಂಕಿಕಡ್ಡಿಯ ಹಾಗೆ ಒಂದು ಅಣು ಒಂದೇ ಸಲ ಕೆಲಸ ಮಾಡುತ್ತದೆ, ಆಮೇಲೆ ಮುಗಿಯಿತು. ಹಾಗಾಗಿ ಕೋಶದಲ್ಲಿ ಈ ಪ್ರೋಟೀನ್ ಎಷ್ಟು ದಾಸ್ತಾನಿದೆ, ಎಷ್ಟು ಬೇಗ ಹೊಸದು ತಯಾರಾಗುತ್ತದೆ ಅನ್ನುವುದರ ಮೇಲೆ ಮಾತ್ರೆಯ ಪರಿಣಾಮ ನಿಂತಿದೆ. ಜಾಸ್ತಿ ಇದ್ದರೆ ಮಾತ್ರೆ ಹಾಳುಮಾಡಿದ್ದನ್ನೆಲ್ಲ ಗಡ್ಡೆಯ ಕೋಶ ರಿಪೇರಿ ಮಾಡಿಕೊಂಡು ಆರಾಮಾಗಿರುತ್ತದೆ.

ಕೆಲವು ಗಡ್ಡೆಗಳಲ್ಲಿ ಎಂಜಿಎಂಟಿ ಜೀನ್‌ನ ಮುಂಭಾಗಕ್ಕೇ ಮೀಥೈಲ್ ಗುಂಪುಗಳು ಅಂಟಿಕೊಂಡು ಜೀನ್ ಬಾಯಿ ಮುಚ್ಚಿರುತ್ತದೆ. ಪ್ರೋಟೀನ್ ತಯಾರಾಗುವುದಿಲ್ಲ, ರಿಪೇರಿ ಆಗುವುದಿಲ್ಲ, ಮಾತ್ರೆ ಕೆಲಸ ಮಾಡುತ್ತದೆ. 2005ರ ಟ್ರಯಲ್‌ನಲ್ಲೇ 206 ರೋಗಿಗಳ ಗಡ್ಡೆಯಲ್ಲಿ ಇದನ್ನು ನೋಡಿದ್ದರು. ಸುಮಾರು 45 ಶೇಕಡಾ ಜನರಲ್ಲಿ ಜೀನ್ ಮುಚ್ಚಿತ್ತು. ಅವರಿಗೆ ರೇಡಿಯೇಷನ್ ಜೊತೆ ಮಾತ್ರೆ ಕೊಟ್ಟಾಗ 21.7 ತಿಂಗಳು, ರೇಡಿಯೇಷನ್ ಮಾತ್ರ ಕೊಟ್ಟಾಗ 15.3 ತಿಂಗಳು. ಜೀನ್ ತೆರೆದಿದ್ದವರಲ್ಲಿ 12.7 ಮತ್ತು 11.8. ಅಂದರೆ ಅವರಿಗೆ ಮಾತ್ರೆಯಿಂದ ಹೆಚ್ಚೇನೂ ಸಿಗಲಿಲ್ಲ.

ಇದು ವಯಸ್ಸಾದವರಿಗೆ ಯಾಕೆ ಮುಖ್ಯ? 75 ವರ್ಷದವರಿಗೆ ರೇಡಿಯೇಷನ್ನೂ ಮಾತ್ರೆಯೂ ಎರಡನ್ನೂ ತಡೆದುಕೊಳ್ಳುವ ಶಕ್ತಿ ಇರುವುದೇ ಅನುಮಾನ. ಒಂದನ್ನೇ ಕೊಡಬೇಕು ಅಂದರೆ ಯಾವುದು? ಈ ಪ್ರಶ್ನೆಗೆ ಜರ್ಮನಿ, ಸ್ವಿಟ್ಜರ್ಲೆಂಡ್‌ನ ವೈದ್ಯರು 2012ರಲ್ಲಿ ಉತ್ತರ ಕೊಟ್ಟರು. 65 ದಾಟಿದವರಲ್ಲಿ ಕೆಲವರಿಗೆ ಮಾತ್ರೆ ಮಾತ್ರ, ಕೆಲವರಿಗೆ ಆರು ವಾರದ ರೇಡಿಯೇಷನ್ ಮಾತ್ರ. ಎಲ್ಲರನ್ನೂ ಸೇರಿಸಿ ನೋಡಿದರೆ 8.6 ತಿಂಗಳು ಮತ್ತು 9.6 ತಿಂಗಳು, ಎರಡೂ ಒಂದೇ ಅನ್ನುವಷ್ಟು ಹತ್ತಿರ. ಜೀನ್ ಪ್ರಕಾರ ವಿಂಗಡಿಸಿದಾಗ ಮಾತ್ರ ಚಿತ್ರ ಬೇರೆಯಾಯಿತು. ಜೀನ್ ಮುಚ್ಚಿದವರಲ್ಲಿ ಕಾಯಿಲೆ ಹತೋಟಿಯಲ್ಲಿದ್ದ ಕಾಲ ಮಾತ್ರೆಯಿಂದ 8.4 ತಿಂಗಳು, ರೇಡಿಯೇಷನ್‌ನಿಂದ 4.6. ಜೀನ್ ತೆರೆದವರಲ್ಲಿ ತಿರುಗುಮುರುಗು: ಮಾತ್ರೆಯಿಂದ 3.3, ರೇಡಿಯೇಷನ್‌ನಿಂದ 4.6. ಅದೇ ವರ್ಷ ಉತ್ತರ ಯುರೋಪಿನ ದೇಶಗಳ ಇನ್ನೊಂದು ಟ್ರಯಲ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳಿತು.

ಗಮನಿಸಿ, ಇಲ್ಲಿ ಗುರುತು ಸುಮ್ನೆ ಭವಿಷ್ಯ ಹೇಳುತ್ತಿಲ್ಲ. ಈ ರೋಗಿಗೆ ಇದು, ಆ ರೋಗಿಗೆ ಅದು ಅಂತ ಬೆರಳು ತೋರಿಸುತ್ತಿದೆ.

ಒಂದು ತಮಾಷೆಯೂ ಇದೆ. ಇದನ್ನು ಪ್ರೋಟೀನ್ ಗುರುತು ಅಂತ ಎಷ್ಟೋ ಕಡೆ ಬರೆಯುತ್ತಾರೆ, ಆದರೆ ಲ್ಯಾಬ್‌ನಲ್ಲಿ ನೋಡುವುದು ಪ್ರೋಟೀನನ್ನಲ್ಲ, ಜೀನ್ ಮುಚ್ಚಿದೆಯಾ ಅನ್ನುವುದನ್ನು. ಗಡ್ಡೆಯ ತುಣುಕಿಗೆ ಬಣ್ಣ ಹಾಕಿ ಎಂಜಿಎಂಟಿ ಪ್ರೋಟೀನನ್ನೇ ನೇರವಾಗಿ ನೋಡಬಹುದಲ್ವಾ, ಅಗ್ಗವೂ ಹೌದಲ್ವಾ ಅಂತ ಬಹಳ ಜನ ಪ್ರಯತ್ನಿಸಿದರು. ಗಡ್ಡೆಯೊಳಗೆ ರಕ್ತನಾಳದ ಕೋಶ, ರಕ್ಷಣಾ ಕೋಶ ಎಲ್ಲ ಸೇರಿಕೊಂಡಿರುತ್ತವೆ, ಅವುಗಳಲ್ಲೂ ಈ ಪ್ರೋಟೀನ್ ಇರುತ್ತದೆ. ಒಬ್ಬ ಪೆಥಾಲಜಿಸ್ಟ್ ಜಾಸ್ತಿ ಇದೆ ಅಂದದ್ದನ್ನು ಇನ್ನೊಬ್ಬರು ಕಡಿಮೆ ಅನ್ನುತ್ತಾರೆ. ಜೀನ್ ಪರೀಕ್ಷೆಯ ಜೊತೆ ಅದು ಸರಿಯಾಗಿ ತಾಳೆಯಾಗಲಿಲ್ಲ. ಪ್ರೋಟೀನ್ ಗುರುತುಗಳ ಸುದ್ದಿ ಓದುವಾಗ ಈ ಪಾಠ ನೆನಪಿರಲಿ. ಪ್ರೋಟೀನ್ ಮುಖ್ಯ ಅನ್ನುವುದು ಬೇರೆ, ಅದನ್ನು ನಂಬುವ ಹಾಗೆ ಅಳೆಯಲು ಆಗುತ್ತದೆ ಅನ್ನುವುದು ಬೇರೆ.

ಭವಿಷ್ಯ ಹೇಳುವುದು, ದಾರಿ ತೋರಿಸುವುದು

ಗೊಂದಲದ ಬೇರು ಇಲ್ಲಿದೆ. ಗುರುತುಗಳಲ್ಲಿ ಎರಡು ಜಾತಿ. ಮೊದಲನೆಯದು, ಏನೇ ಚಿಕಿತ್ಸೆ ಕೊಟ್ಟರೂ ಈ ಗುಂಪಿನವರು ಜಾಸ್ತಿ ಕಾಲ ಬದುಕುತ್ತಾರೆ, ಆ ಗುಂಪಿನವರು ಕಡಿಮೆ ಅಂತ ಹೇಳುವುದು. ಎರಡನೆಯದು, ಈ ಔಷಧಿ ಈ ಗುಂಪಿಗೆ ಕೆಲಸ ಮಾಡುತ್ತದೆ, ಆ ಗುಂಪಿಗೆ ಇಲ್ಲ ಅಂತ ಹೇಳುವುದು. ಪೇಪರಿನಲ್ಲಿ ಬರುವ ಪ್ರೋಟೀನ್‌ಗಳಲ್ಲಿ ಬಹುಪಾಲು ಮೊದಲನೆಯ ಜಾತಿ. ಎರಡನೆಯ ಜಾತಿ ಅಂತ ಸಾಬೀತು ಮಾಡಬೇಕಾದರೆ ಚಿಕಿತ್ಸೆಯನ್ನು ಚೀಟಿ ಎತ್ತಿದ ಹಾಗೆ ಹಂಚಿದ ಟ್ರಯಲ್ ಬೇಕು. ಆಸ್ಪತ್ರೆಯ ಹಳೆಯ ಫೈಲು ತೆಗೆದು, ಫ್ರೀಜರ್‌ನಲ್ಲಿಟ್ಟ ರಕ್ತ ತೆಗೆದು, ಯಾರು ಎಷ್ಟು ದಿನ ಬದುಕಿದರು ಅಂತ ಹೊಂದಿಸಿದರೆ ಮೊದಲನೆಯ ಜಾತಿಯ ಉತ್ತರವಷ್ಟೇ ಸಿಗುತ್ತದೆ.

ಮೊದಲನೆಯ ಜಾತಿಯ ಗುರುತಿಗೆ ಬೆಲೆಯೇ ಇಲ್ಲ ಅಂತಲ್ಲ. ಆದರೆ ಆ ಕೆಲಸವನ್ನು ಮಾಡುವ, ಬಿಡಿಕಾಸೂ ಖರ್ಚಿಲ್ಲದ ಗುರುತುಗಳು ನಮ್ಮ ಹತ್ತಿರ ಆಗಲೇ ಇವೆ. ವಯಸ್ಸು ಎಷ್ಟು, ಗಡ್ಡೆಯನ್ನು ಎಷ್ಟರಮಟ್ಟಿಗೆ ತೆಗೆದಿದ್ದಾರೆ, ರೋಗಿ ತಾನೇ ಎದ್ದು ಓಡಾಡಿ ಸ್ನಾನ ಊಟ ಮಾಡಿಕೊಳ್ಳುತ್ತಾರಾ. ಕೊನೆಯದಕ್ಕೆ ಕಾರ್ನೋಫ್‌ಸ್ಕಿ ಅಂಕ ಅನ್ನುತ್ತಾರೆ, ಸೊನ್ನೆಯಿಂದ ನೂರರ ತನಕ. 1940ರ ದಶಕದಿಂದ ಬಳಕೆಯಲ್ಲಿದೆ, ಡಾಕ್ಟರ್ ಮಂಚದ ಪಕ್ಕ ನಿಂತು ಐದು ನಿಮಿಷದಲ್ಲಿ ಕೊಡಬಹುದು. ಹೊಸ ಪ್ರೋಟೀನ್ ಈ ಮೂರನ್ನು ಮೀರಿ ಏನು ಹೇಳುತ್ತದೆ ಅಂತ ಕೇಳಿದಾಗ ಬಹಳಷ್ಟು ಸಲ ಉತ್ತರ ತೆಳುವಾಗುತ್ತದೆ.

ರಕ್ತದಲ್ಲಿ ಸಿಗುವ ಪ್ರೋಟೀನ್‌ಗಳ ತೊಂದರೆ

ಹಾಗಾದರೆ ವಿಜ್ಞಾನಿಗಳು ರಕ್ತದ ಹಿಂದೆ ಯಾಕೆ ಬಿದ್ದಿದ್ದಾರೆ? ಒಳ್ಳೆಯ ಕಾರಣ ಇದೆ. ವಯಸ್ಸಾದವರ ತಲೆಬುರುಡೆಗೆ ತೂತು ಮಾಡಿ ಬಯಾಪ್ಸಿ ತೆಗೆಯುವುದು ಅಪಾಯದ ಕೆಲಸ, ರಕ್ತಸ್ರಾವ ಆಗಬಹುದು. ಎಷ್ಟೋ ಮನೆಯವರು ಬೇಡ ಅಂತಾರೆ. ರಕ್ತದಿಂದಲೇ ಗೊತ್ತಾದರೆ ಅದಕ್ಕಿಂತ ಒಳ್ಳೆಯದು ಏನಿದೆ? ವಾರಕ್ಕೊಮ್ಮೆ ಬೇಕಾದರೂ ನೋಡಬಹುದು.

ಈ ಪಟ್ಟಿಯಲ್ಲಿ ಬಹಳ ವರ್ಷದಿಂದ ಇರುವ ಹೆಸರು ವೈಕೆಎಲ್-40. ಗ್ಲಿಯೋಬ್ಲಾಸ್ಟೋಮಾ ರೋಗಿಗಳಲ್ಲಿ ಇದು ಜಾಸ್ತಿ ಇದ್ದರೆ ಬದುಕುವ ಕಾಲ ಕಡಿಮೆ ಅಂತ ಒಂದಕ್ಕಿಂತ ಹೆಚ್ಚು ಅಧ್ಯಯನಗಳು ಹೇಳಿವೆ. ಆದರೆ ಸಂಧಿವಾತದಲ್ಲಿ ಇದು ಏರುತ್ತದೆ, ಲಿವರ್ ಗಟ್ಟಿಯಾದರೆ ಏರುತ್ತದೆ, ಸೋಂಕು ಆದರೆ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕಾಯಿಲೆಯೂ ಇಲ್ಲದವರಲ್ಲೂ ವಯಸ್ಸಾದಂತೆ ಏರುತ್ತದೆ. ಹಾಗಿದ್ದ ಮೇಲೆ 78 ವರ್ಷದವರ ರಕ್ತದಲ್ಲಿ ಅದು ಜಾಸ್ತಿ ಕಂಡರೆ, ಅದು ಗಡ್ಡೆಯ ಮಾತೋ, ಮಂಡಿನೋವಿನ ಮಾತೋ, ಬರೀ ವಯಸ್ಸಿನ ಮಾತೋ?

ಜಿಎಫ್‌ಎಪಿ ಕಥೆಯೂ ಹಾಗೇ. ಮೆದುಳಿನ ಆಸ್ಟ್ರೋಸೈಟ್ ಕೋಶಗಳ ಪ್ರೋಟೀನ್ ಅದು, ಸಾಮಾನ್ಯವಾಗಿ ರಕ್ತದಲ್ಲಿ ತುಂಬ ಕಡಿಮೆ. ಗಡ್ಡೆ ಮೆದುಳಿನ ತಡೆಗೋಡೆಯನ್ನು ಒಡೆದಾಗ ಹೊರಗೆ ಸೋರುತ್ತದೆ. ಗಡ್ಡೆಯೇ ಬೇಕು ಅಂತಿಲ್ಲ, ತಲೆಗೆ ಪೆಟ್ಟು ಬಿದ್ದರೂ ಮೆದುಳಲ್ಲಿ ರಕ್ತಸ್ರಾವವಾದರೂ ಸೋರುತ್ತದೆ. ತಲೆಗೆ ಏಟು ಬಿದ್ದವರಿಗೆ ಸಿಟಿ ಸ್ಕ್ಯಾನ್ ಬೇಕಾ ಬೇಡವಾ ಅಂತ ತೀರ್ಮಾನಿಸಲು ಇದನ್ನು ಬಳಸುವ ರಕ್ತಪರೀಕ್ಷೆಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿಯೂ ಸಿಕ್ಕಿತು. ಕ್ಯಾನ್ಸರ್ ರೋಗಿಯಲ್ಲಿ ಇದು ಏರಿದ್ದರೆ ಗಡ್ಡೆ ದೊಡ್ಡದಿದೆ ಅಂತ ಅರ್ಥ ಇರಬಹುದು. ಗಡ್ಡೆ ದೊಡ್ಡದಿದೆ ಅನ್ನುವುದು ಎಂಆರ್‌ಐನಲ್ಲಿ ಆಗಲೇ ಕಂಡಿದೆ.

ಇನ್ನು ಸ್ಟೀರಾಯ್ಡ್. ಗಡ್ಡೆಯ ಸುತ್ತ ಊತ ಇರುವವರಿಗೆ ಬಂದ ದಿನವೇ ಡೆಕ್ಸಾಮೆಥಾಸೋನ್ ಶುರು ಮಾಡುತ್ತಾರೆ, ಊತ ಜಾಸ್ತಿ ಇದ್ದಷ್ಟೂ ಡೋಸ್ ಜಾಸ್ತಿ. ಸ್ಟೀರಾಯ್ಡ್ ಒಳಗೆ ಹೋದ ತಕ್ಷಣ ರಕ್ತದ ಬಿಳಿಕಣಗಳ ಲೆಕ್ಕ ಬದಲಾಗುತ್ತದೆ, ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ, ಉರಿಯೂತದ ಪ್ರೋಟೀನ್‌ಗಳ ಮಟ್ಟವೂ ಅಲುಗಾಡುತ್ತದೆ. ಸ್ಟೀರಾಯ್ಡ್ ಶುರುವಾದ ಮೇಲೆ ರಕ್ತ ತೆಗೆದು, ಉರಿಯೂತದ ಗುರುತು ಕೆಟ್ಟದಾಗಿದ್ದವರು ಬೇಗ ಸತ್ತರು ಅಂತ ಬರೆದರೆ, ಅಳೆದದ್ದು ಗಡ್ಡೆಯ ಗುಣವನ್ನೋ ಡಾಕ್ಟರ್ ಬರೆದ ಡೋಸನ್ನೋ? ಇಂಥ ಅಧ್ಯಯನ ಓದುವಾಗ ನಾನು ಮೊದಲು ಹುಡುಕುವುದೇ ರಕ್ತ ತೆಗೆದದ್ದು ಸ್ಟೀರಾಯ್ಡ್‌ಗೆ ಮುಂಚೆಯೋ ಆಮೇಲೋ ಅನ್ನುವ ಸಾಲನ್ನು. ಆ ಸಾಲೇ ಇಲ್ಲದಿದ್ದರೆ ಮುಂದೆ ಓದಲು ಉತ್ಸಾಹ ಉಳಿಯುವುದಿಲ್ಲ.

ಲೆಕ್ಕದ ತೊಂದರೆ ಒಂದು ಬಾಕಿ ಇದೆ. ಈಗಿನ ಯಂತ್ರಗಳು ಸ್ವಲ್ಪವೇ ರಕ್ತದಲ್ಲಿ ಸಾವಿರಾರು ಪ್ರೋಟೀನ್ ಅಳೆಯುತ್ತವೆ. ಸಾವಿರ ಪ್ರೋಟೀನ್ ತೆಗೆದುಕೊಂಡು, ನೂರಕ್ಕೆ ಐದು ಸಲ ಆಕಸ್ಮಿಕವಾಗಿ ತಪ್ಪಾಗಬಹುದು ಅನ್ನುವ ಮಾಮೂಲಿ ಅಳತೆಗೋಲು ಇಟ್ಟುಕೊಂಡರೆ, ಯಾವುದಕ್ಕೂ ಬದುಕಿಗೂ ಸಂಬಂಧವೇ ಇಲ್ಲದಿದ್ದರೂ ಸುಮಾರು 50 ಪ್ರೋಟೀನ್ ಸಂಬಂಧ ಇದೆ ಅಂತ ಎದ್ದು ನಿಲ್ಲುತ್ತವೆ. ರೋಗಿಗಳು ಅರವತ್ತೋ ಎಪ್ಪತ್ತೋ ಇದ್ದರಂತೂ ಕೇಳುವುದೇ ಬೇಡ. ಇದನ್ನು ಸರಿಪಡಿಸುವ ವಿಧಾನಗಳಿವೆ, ಒಳ್ಳೆಯ ಸಂಶೋಧಕರು ಬಳಸುತ್ತಾರೆ. ಆದರೂ ಕೊನೆಗೆ ಬೇಕಾಗುವುದು ಬೇರೆ ಊರಿನ, ಬೇರೆ ಆಸ್ಪತ್ರೆಯ ರೋಗಿಗಳಲ್ಲಿ ಮತ್ತೆ ಅದೇ ಫಲಿತಾಂಶ. ಹೆಚ್ಚಿನ ಗುರುತುಗಳು ಎಡವುವುದು ಆ ಹೊಸ್ತಿಲಲ್ಲೇ.

ಪ್ರೋಟೀನನ್ನು ಹೊಡೆದರೆ ಕಾಯಿಲೆ ಹೋಗುತ್ತದಾ

ಓದುಗರ ಎರಡನೆಯ ಅರ್ಥಕ್ಕೆ ಬರೋಣ. ರಕ್ತನಾಳ ಬೆಳೆಸುವ ವಿಇಜಿಎಫ್ ಪ್ರೋಟೀನ್ ಈ ಗಡ್ಡೆಯಲ್ಲಿ ಹೇರಳ. ಅದನ್ನು ಕಟ್ಟಿಹಾಕುವ ಔಷಧಿ ಬೆವಾಸಿಜುಮ್ಯಾಬ್. ತರ್ಕ ಚೆನ್ನಾಗಿತ್ತು. 2014ರಲ್ಲಿ ಎರಡು ದೊಡ್ಡ ಟ್ರಯಲ್‌ಗಳ ಫಲಿತಾಂಶ ಬಂತು, ಗಡ್ಡೆ ಮತ್ತೆ ಬೆಳೆಯುವುದು ಸ್ವಲ್ಪ ತಡವಾಯಿತು, ಬದುಕಿನ ಕಾಲ ಮಾತ್ರ ಜಾಸ್ತಿಯಾಗಲಿಲ್ಲ. ವಯಸ್ಸಾದವರಲ್ಲಿ ಬೇರೆ ಇರಬಹುದೇನೋ ಅಂತ ಸ್ವಿಟ್ಜರ್ಲೆಂಡ್‌ನಲ್ಲಿ ಪ್ರತ್ಯೇಕವಾಗಿ 75 ರೋಗಿಗಳ ಮೇಲೆ ನೋಡಿದರು. ಔಷಧಿ ಪಡೆದವರು 12.1 ತಿಂಗಳು, ಪಡೆಯದವರು 12.2 ತಿಂಗಳು.

ಇಜಿಎಫ್‌ಆರ್ ಅನ್ನುವ ಪ್ರೋಟೀನ್‌ದೂ ಇದೇ ಪಾಡು. ಸುಮಾರು 40 ಶೇಕಡಾ ಗ್ಲಿಯೋಬ್ಲಾಸ್ಟೋಮಾಗಳಲ್ಲಿ ಅದರ ಜೀನ್ ಅತಿಯಾಗಿ ನಕಲಾಗಿರುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇಜಿಎಫ್‌ಆರ್ ತಡೆಯುವ ಮಾತ್ರೆಗಳು ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದವು, ಇಲ್ಲಿ ಕೈಕೊಟ್ಟವು. ಅದರದೇ ಒಂದು ರೂಪದ ವಿರುದ್ಧ ಮಾಡಿದ ಲಸಿಕೆ 745 ರೋಗಿಗಳ ಟ್ರಯಲ್‌ನಲ್ಲಿ 2017ರಲ್ಲಿ ಸೋತಿತು. ಗಡ್ಡೆಯೊಳಗೆ ಎಲ್ಲ ಕೋಶಗಳೂ ಒಂದೇ ಥರ ಇರುವುದಿಲ್ಲ, ಒಂದು ಪ್ರೋಟೀನ್ ಇರುವ ಕೋಶ ಸತ್ತರೆ ಅದಿಲ್ಲದ ಕೋಶ ಬೆಳೆಯುತ್ತದೆ. ಗುರುತು ಅಂದರೆ ಗುರಿ ಅಲ್ಲ.

ಬೆಂಗಳೂರಿನ ಕೆಲಸ

ಇದು ಬರೀ ಹೊರದೇಶದ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ತಂಡಗಳು ಗ್ಲಿಯೋಮಾ, ಅಂದರೆ ಗ್ಲಿಯೋಬ್ಲಾಸ್ಟೋಮಾ ಸೇರಿರುವ ಗಡ್ಡೆಗಳ ಗುಂಪಿನ, ಗುರುತುಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿವೆ. 2010ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನ, ಗಡ್ಡೆಯ ತುಣುಕಿನಲ್ಲಿ ಐಜಿಎಫ್‌ಬಿಪಿ-3 ಅನ್ನುವ ಪ್ರೋಟೀನ್ ಜಾಸ್ತಿ ಇದ್ದ ರೋಗಿಗಳು ಕಡಿಮೆ ಕಾಲ ಬದುಕಿದರು ಅಂತ ತೋರಿಸಿತು. ಮೊದಲನೆಯ ಜಾತಿಯ ಗುರುತು ಇದು. ಅದನ್ನು ನೋಡಿ ಇವತ್ತು ಯಾರೂ ಚಿಕಿತ್ಸೆ ಬದಲಿಸುವುದಿಲ್ಲ. ಹಾಗಂತ ಅದು ವ್ಯರ್ಥ ಅಲ್ಲ, ನಮ್ಮ ರೋಗಿಗಳ ಗಡ್ಡೆಯನ್ನು ನಮ್ಮಲ್ಲೇ ನೋಡದಿದ್ದರೆ ಹೊರಗಿನ ಸಂಖ್ಯೆಗಳನ್ನೇ ನಂಬಬೇಕಾಗುತ್ತದೆ. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಈ ರೋಗಿಗಳ ವಯಸ್ಸು ಪಶ್ಚಿಮದ ದೇಶಗಳಿಗಿಂತ ಕಡಿಮೆ ಇರುತ್ತದೆ. ನಮ್ಮಲ್ಲಿ ಜನಸಂಖ್ಯೆಯೇ ಚಿಕ್ಕ ವಯಸ್ಸಿನದು ಅನ್ನುವುದು ಒಂದು ಕಾರಣ, ವಯಸ್ಸಾದವರನ್ನು ದೊಡ್ಡಾಸ್ಪತ್ರೆ ತನಕ ಕರೆದುಕೊಂಡು ಬರುವುದೇ ಕಡಿಮೆ ಅನ್ನುವುದು ಇನ್ನೊಂದು ಇರಬಹುದು.

ವೈದ್ಯರಲ್ಲೇ ಒಮ್ಮತ ಇಲ್ಲ

ಎಂಜಿಎಂಟಿ ವಿಷಯದಲ್ಲೇ ಜಗಳ ಮುಗಿದಿಲ್ಲ. 2017ರಲ್ಲಿ ಕೆನಡಾ, ಯುರೋಪ್, ಆಸ್ಟ್ರೇಲಿಯಾ ಕಡೆಯ ಸಂಶೋಧಕರು ಸೇರಿ 65 ದಾಟಿದ 562 ಜನರ ಟ್ರಯಲ್ ಪ್ರಕಟಿಸಿದರು. ಮಧ್ಯಮ ವಯಸ್ಸು 73. ಮೂರು ವಾರದ ರೇಡಿಯೇಷನ್ ಮಾತ್ರ ಪಡೆದವರು 7.6 ತಿಂಗಳು, ಜೊತೆಗೆ ಮಾತ್ರೆಯನ್ನೂ ತೆಗೆದುಕೊಂಡವರು 9.3 ತಿಂಗಳು. ಜೀನ್ ಮುಚ್ಚಿದವರಲ್ಲಿ ವ್ಯತ್ಯಾಸ ದೊಡ್ಡದು, 7.7 ತಿಂಗಳಿಂದ 13.5ಕ್ಕೆ. ಜೀನ್ ತೆರೆದವರಲ್ಲಿ 7.9ರಿಂದ 10ಕ್ಕೆ. ಈ ಕೊನೆಯ ವ್ಯತ್ಯಾಸ, ಇದು ಆಕಸ್ಮಿಕ ಅಲ್ಲ ಅನ್ನಲು ಬೇಕಾದ ಲೆಕ್ಕದ ಗೆರೆಯನ್ನು ಕೂದಲೆಳೆಯಲ್ಲಿ ಮುಟ್ಟದೆ ಹೋಯಿತು.

ಒಂದು ಬಣ ಹೇಳುತ್ತದೆ: ನೋಡಿ, ಜೀನ್ ತೆರೆದಿದ್ದವರಿಗೂ ಎರಡು ತಿಂಗಳು ಸಿಗುವ ಸೂಚನೆ ಇದೆ, ಗೆರೆ ದಾಟಲಿಲ್ಲ ಅನ್ನುವ ಕಾರಣಕ್ಕೆ ಮಾತ್ರೆ ಕಿತ್ತುಕೊಳ್ಳುವುದು ಯಾವ ನ್ಯಾಯ? ತಡೆದುಕೊಳ್ಳುವ ಎಲ್ಲರಿಗೂ ಕೊಡಿ, ಪರೀಕ್ಷೆಗೆ ಕಾಯಬೇಡಿ. ಇನ್ನೊಂದು ಬಣ ಹೇಳುವುದು: ಮಾತ್ರೆ ಪುಕ್ಕಟೆ ಬರುವುದಿಲ್ಲ, ಪ್ಲೇಟ್‌ಲೆಟ್ ಬೀಳುತ್ತದೆ, ಲಿಂಫೋಸೈಟ್ ಬೀಳುತ್ತದೆ, ವಾಕರಿಕೆ, ಮಲಬದ್ಧತೆ, ಸುಸ್ತು. 80 ವರ್ಷದವರಿಗೆ ಉಳಿದಿರುವುದೇ ಕೆಲವು ತಿಂಗಳು, ಅದರಲ್ಲಿ ಅರ್ಧ ರಕ್ತಪರೀಕ್ಷೆಯ ಕ್ಯೂನಲ್ಲಿ ಹೋಗುವುದು ಬೇಡ. ಯುರೋಪಿನ ಮಾರ್ಗಸೂಚಿ ಎರಡನೆಯ ಬಣದ ಕಡೆ ವಾಲಿದೆ. ಗಟ್ಟಿ ಇಲ್ಲದ ವೃದ್ಧರಲ್ಲಿ ಜೀನ್ ತೆರೆದಿದ್ದರೆ ಕಡಿಮೆ ಸಿಟ್ಟಿಂಗ್‌ನ ರೇಡಿಯೇಷನ್ ಸಾಕು, ಮುಚ್ಚಿದ್ದರೆ ಮಾತ್ರೆ ಬೇಕು. ನನಗೂ ಇದೇ ಸರಿ ಅನ್ನಿಸುತ್ತದೆ, ಒಂದು ಷರತ್ತಿನ ಮೇಲೆ: ಪರೀಕ್ಷೆಯ ರಿಪೋರ್ಟ್ ಅರ್ಧಂಬರ್ಧ ಇರಬಾರದು. ಎಷ್ಟು ಶೇಕಡಾ ಮೀಥೈಲ್ ಇದ್ದರೆ ಮುಚ್ಚಿದೆ ಅನ್ನಬೇಕು ಅನ್ನುವ ಗೆರೆ ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಬೇರೆ, ನಡುವೆ ಬೀಳುವವರನ್ನು ಯಾವ ಕಡೆ ಹಾಕುವುದು ಅನ್ನುವುದರಲ್ಲೂ ಒಮ್ಮತ ಇಲ್ಲ. ಅನುಮಾನ ಇದ್ದರೆ ಲಾಭ ರೋಗಿಗೆ ಹೋಗಬೇಕು.

ಗುರುತಿನಿಂದ ಆಗಬಹುದಾದದ್ದು

ಚಿಕಿತ್ಸೆ ಆರಿಸುವ ಗುರುತಿನ ಲಾಭ ನಮ್ಮ ಕಡೆ ತುಂಬ ನೇರವಾದದ್ದು. ವಾರ್ಡಿನಲ್ಲಿ ಜನ ಕರೆಂಟ್ ಕೊಡುವುದು ಅಂತಾರಲ್ಲ, ಆ ರೇಡಿಯೇಷನ್‌ಗೆ ಬೀದರ್‌ನಿಂದಲೋ ರಾಯಚೂರಿನಿಂದಲೋ ವಯಸ್ಸಾದವರನ್ನು ಬೆಂಗಳೂರಿಗೆ ಕರೆತಂದ ಮನೆಯವರಿಗೆ 30 ಸಿಟ್ಟಿಂಗ್ ಅಂದರೆ ಆರು ವಾರದ ರೂಮು ಬಾಡಿಗೆ, ಜೊತೆಗಿರುವವರ ಆರು ವಾರದ ಕೂಲಿ. 15 ಸಿಟ್ಟಿಂಗ್ ಅಂದರೆ ಮೂರು ವಾರ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ನಡೆಸಿದ, 2015ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಒಂದೇ ವಾರದ ಐದು ಸಿಟ್ಟಿಂಗ್ ಕೂಡ ನಿತ್ರಾಣ ಆದವರಲ್ಲಿ ಮೂರು ವಾರಕ್ಕಿಂತ ಕಡಿಮೆ ಏನೂ ಆಗಲಿಲ್ಲ. ಜೀನ್ ಮುಚ್ಚಿದೆ ಅಂತ ಗೊತ್ತಾದರೆ ಕೆಲವರು ಊರಲ್ಲೇ ಇದ್ದು, ಹತ್ತಿರದ ಲ್ಯಾಬ್‌ನಲ್ಲಿ ರಕ್ತ ನೋಡಿಸಿಕೊಳ್ಳುತ್ತ ಮಾತ್ರೆ ಮಾತ್ರ ತೆಗೆದುಕೊಳ್ಳಬಹುದು. ಬಯಾಪ್ಸಿ ಆದ ದಿನವೇ ಎಂಜಿಎಂಟಿ ನೋಡಿಸುತ್ತೀರಾ ಅಂತ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ. ಹಾಗೆಯೇ ಯಾವ ಪರೀಕ್ಷೆ ಬೇಡ ಅನ್ನುವುದನ್ನೂ ಕೇಳಬೇಕು: 55 ದಾಟಿದವರ ಗಡ್ಡೆಯ ರಚನೆ ಗ್ಲಿಯೋಬ್ಲಾಸ್ಟೋಮಾದ್ದೇ ಆಗಿದ್ದು, ಐಡಿಎಚ್ ಬಣ್ಣದ ಪರೀಕ್ಷೆ ನೆಗೆಟಿವ್ ಬಂದರೆ, ದುಬಾರಿ ಜೀನ್ ಸೀಕ್ವೆನ್ಸಿಂಗ್ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಬರೀ ಭವಿಷ್ಯ ಹೇಳುವ ಗುರುತಿನ ಪರಿಣಾಮ ಹೀಗಿರುವುದಿಲ್ಲ. ಪ್ರೋಟೀನ್ ಜಾಸ್ತಿ ಇದೆ, ಇವರು ಹೇಗೂ ಮೂರು ತಿಂಗಳು ಅಂತ ಫೈಲಿನಲ್ಲಿ ಬರೆದರೆ ಆಮೇಲೆ ಎಲ್ಲರ ಕೈಯೂ ಹಿಂದೆ ಸರಿಯುತ್ತದೆ. ಆಪರೇಷನ್ ಬೇಡ, ರೇಡಿಯೇಷನ್ ಬೇಡ, ಮನೆಗೆ ಕರೆದುಕೊಂಡು ಹೋಗಿ. ರೋಗಿ ಮೂರು ತಿಂಗಳಲ್ಲೇ ಹೋಗುತ್ತಾರೆ. ಮುಂದಿನ ಅಧ್ಯಯನದಲ್ಲಿ ಆ ಸಾವು ಗುರುತು ನಿಖರ ಅನ್ನುವುದಕ್ಕೆ ಸಾಕ್ಷಿಯಾಗಿ ಸೇರುತ್ತದೆ. ಇನ್ಶೂರೆನ್ಸ್ ಕಂಪನಿಗಳೋ ಸರ್ಕಾರಿ ಯೋಜನೆಗಳೋ ಇಂಥ ಸಂಖ್ಯೆಯನ್ನು ಹಿಡಿದು ಹಣ ತಡೆಯಲು ಶುರು ಮಾಡಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ.

ಎಷ್ಟು ದಿನ ಡಾಕ್ಟ್ರೇ ಅಂತ ಕೇಳುವ ಮನೆಯವರ ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಊರಿನಲ್ಲಿರುವ ಮಗನನ್ನು ಕರೆಸಬೇಕು, ಜಮೀನಿನ ಕಾಗದಕ್ಕೆ ಸಹಿ ಆಗಬೇಕು, ಮೊಮ್ಮಗಳ ಮದುವೆ ಮುಂಚೆ ಮಾಡಬೇಕಾ ನೋಡಬೇಕು. ಅದಕ್ಕೆ ಉತ್ತರ ಕೊಡುವಾಗ ಡಾಕ್ಟರ್ ಒಂದು ಸಂಖ್ಯೆ ಹೇಳುವ ಬದಲು ಹರವು ಹೇಳಬೇಕು. ಮಧ್ಯಮ 9.3 ತಿಂಗಳು ಅಂದರೆ ಅರ್ಧ ಜನ ಅದಕ್ಕೆ ಮುಂಚೆ ಹೋಗುತ್ತಾರೆ, ಅರ್ಧ ಜನ ಆಮೇಲೂ ಇರುತ್ತಾರೆ, ಅವರಲ್ಲಿ ಕೆಲವರು ಎರಡು ವರ್ಷ ದಾಟುತ್ತಾರೆ. ಒಬ್ಬ ರೋಗಿ ಯಾವ ಅರ್ಧದಲ್ಲಿದ್ದಾರೆ ಅಂತ ಇವತ್ತು ಯಾವ ಪ್ರೋಟೀನೂ ಹೇಳುವುದಿಲ್ಲ.

ಹೊಸ ಗುರುತೊಂದು ನಿಜಕ್ಕೂ ಬಳಕೆಗೆ ಬರಬೇಕಾದರೆ ದಾರಿ ಗೊತ್ತಿರುವುದೇ. ಸ್ಟೀರಾಯ್ಡ್‌ಗೆ ಮುಂಚೆ ರಕ್ತ ತೆಗೆಯಬೇಕು, ಗೆರೆಯನ್ನು ಫಲಿತಾಂಶ ನೋಡಿದ ಮೇಲಲ್ಲ, ಮೊದಲೇ ಎಳೆಯಬೇಕು, ಬೇರೆ ಆಸ್ಪತ್ರೆಗಳಲ್ಲಿ ಮತ್ತೆ ನೋಡಬೇಕು. ಆಮೇಲೆ ಕೆಲವು ರೋಗಿಗಳಿಗೆ ಗುರುತು ನೋಡಿ ಚಿಕಿತ್ಸೆ, ಕೆಲವರಿಗೆ ನೋಡದೆ ಚಿಕಿತ್ಸೆ ಕೊಟ್ಟು ಯಾರಿಗೆ ಲಾಭವಾಯಿತು ಅಂತ ಹೋಲಿಸಬೇಕು. ಇದಕ್ಕೆ 70 ದಾಟಿದವರು ನೂರಾರು ಸಂಖ್ಯೆಯಲ್ಲಿ ಟ್ರಯಲ್‌ಗೆ ಸೇರಬೇಕು. ಅವರನ್ನು ಸೇರಿಸಿಕೊಳ್ಳುವ ಟ್ರಯಲ್‌ಗಳು ಈಗಲೂ ಕಡಿಮೆಯೇ.